ಹಾಕ್ ಜೆಟ್‌ನ ಚಕ್ರದ ಬಾಗಿಲು ಕೂರಿಸಲು ನಾನು ಪಟ್ಟ ಪಾಡು

ರಿಮೋಟ್‌ನಿಂದ ಹಾರಿಸೋ ನನ್ನ ಮಾದರಿ ಜೆಟ್‌ನ ಮೂರನೇ ಹಾರಾಟದಲ್ಲಿ, ಬಲಗಡೆ ಚಕ್ರದ ಗೂಡನ್ನು ಮುಚ್ಚೋ ಬಾಗಿಲು ಆಕಾಶದಲ್ಲೇ ತೆರೆದುಕೊಂಡಿತು. ಕೆಳಗೆ ನಿಂತಿದ್ದ ನಮಗೆ ಮೊದಲು ಕೇಳಿಸಿದ್ದು ಸದ್ದು, ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ. ಹೇಗೋ ಇಳಿಸಿದೆ, ಆದರೆ ಒಣಗಿದ ಕೆರೆ ಅಂಗಳದ ಹುಲ್ಲಿಗೆ ಸಿಕ್ಕಿ ಬಾಗಿಲು ಕಿತ್ತುಹೋಯಿತು.

ನನ್ನದು ಹಾಕ್‌ನ ಮಾದರಿ, ನಮ್ಮ ಬೀದರ್‌ನಲ್ಲಿ ವಾಯುಪಡೆಯ ಹುಡುಗರು ಕಲಿಯೋ ವಿಮಾನ ಅದು. ನಿಜವಾದ ವಿಮಾನದ ಸುಮಾರು ಏಳನೇ ಒಂದು ಅಳತೆ, ಫೈಬರ್ ಬಾಡಿ, 90 ಮಿಮೀ ಫ್ಯಾನ್, 6 ಸೆಲ್ ಬ್ಯಾಟರಿ. ಇದರ ಚಕ್ರ ಹೊತ್ತ ಮುಖ್ಯ ಕಾಲುಗಳು ರೆಕ್ಕೆಯೊಳಗೆ ಒಳಮುಖವಾಗಿ ಮಡಚಿಕೊಳ್ಳುತ್ತವೆ. ಕಾಲಿನ ಉದ್ದಕ್ಕೂ ಇರೋ ಬಾಗಿಲು ಸುಲಭ. ಅದನ್ನು ಕಾಲಿಗೇ ಸ್ಕ್ರೂ ಮಾಡಿದರೆ ಅದರ ಜೊತೆಗೇ ಹೋಗಿ ಬರುತ್ತದೆ. ತಲೆನೋವು ಅಂದ್ರೆ ಚಕ್ರವನ್ನು ಮುಚ್ಚೋ ಒಳಬಾಗಿಲು. ಅದಕ್ಕೆ ಬೇರೆ ಸರ್ವೋ ಬೇಕು, ಅಂದ್ರೆ ರಿಮೋಟ್ ಹೇಳಿದಷ್ಟು ಮಾತ್ರ ತನ್ನ ಕೈ ತಿರುಗಿಸೋ ಪುಟ್ಟ ಮೋಟಾರು.

ಕಿತ್ತುಹೋದದ್ದಕ್ಕೆ ಹಿಂಜ್ ಸರಿಯಿಲ್ಲ ಅಂದುಕೊಂಡೆ. ಬಿಚ್ಚಿ ನೋಡಿದರೆ ಹಿಂಜ್ ಗಟ್ಟಿಯಾಗಿಯೇ ಇತ್ತು. ಸರ್ವೋ ಒಳಗಿನ ನೈಲಾನ್ ಗೇರಿನ ಎರಡು ಹಲ್ಲು ಹಾರಿಹೋಗಿದ್ದವು. ಬಾಗಿಲು 11 ಸೆಂಮೀ ಉದ್ದ, 6 ಸೆಂಮೀ ಅಗಲ. ಗಂಟೆಗೆ 120 ಕಿಮೀ ವೇಗದಲ್ಲಿ ಅದು ಗಾಳಿಗೆ ಪೂರ್ತಿ ಎದುರಾದರೆ ಅರ್ಧ ಕೆಜಿ ಹತ್ತಿರ ಒತ್ತಡ ಬೀಳುತ್ತದೆ. ಮುಚ್ಚಿದ್ದಾಗ ಅಷ್ಟಿರಲ್ಲ, ಆದರೂ ಗಾಳಿ ಅದನ್ನು ಹೊರಗೆ ಹೀರುತ್ತಲೇ ಇರುತ್ತದೆ. ನಾನು ಮಾಡಿದ ತಪ್ಪು ಇಷ್ಟೇ: ಬಾಗಿಲು ಮುಚ್ಚಿದಾಗ ಸರ್ವೋ ಕೈ ಪುಶ್‌ರಾಡ್‌ಗೆ (ಸರ್ವೋ ಕೈಯನ್ನು ಬಾಗಿಲಿಗೆ ಜೋಡಿಸೋ ಕಡ್ಡಿ) ಅಡ್ಡವಾಗಿ ನಿಂತಿತ್ತು. ಅಂದ್ರೆ ಬಾಗಿಲನ್ನು ಹಿಡಿದಿದ್ದು ಆ ಬಡಪಾಯಿ ಹಲ್ಲುಗಳು ಮಾತ್ರ. ನೆಲದ ಮೇಲೆ ಇದ್ದಾಗಲೂ ಸರ್ವೋ ಜುಂಯ್ ಅಂತ ಕೂಗುತ್ತಿತ್ತು, ಮುಟ್ಟಿದರೆ ಬಿಸಿ. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಜಾಸ್ತಿ ಶಕ್ತಿಯ ಸರ್ವೋ ಹಾಕು ಅಂತ ಎಲ್ಲರೂ ಹೇಳಿದರು. ನಾನು ಅದೇ 9 ಗ್ರಾಮಿನದನ್ನೇ ಇಟ್ಟುಕೊಂಡು ಅದರ ಜಾಗ ಬದಲಾಯಿಸಿದೆ. ಬಾಗಿಲು ಮುಚ್ಚಿದಾಗ ಸರ್ವೋದ ನಡು ಸ್ಕ್ರೂ, ಅದರ ಕೈಯ ತುದಿ, ಪುಶ್‌ರಾಡ್ ಸಿಕ್ಕಿಸೋ ಬಾಗಿಲಿನ ಕೊಕ್ಕೆ ಮೂರೂ ಒಂದೇ ಗೆರೆಗೆ ಬರಬೇಕು. ಆಗ ಗಾಳಿ ಎಷ್ಟು ಎಳೆದರೂ ಎಳೆತ ನೇರ ಸರ್ವೋದ ನಡುವಿಗೆ ಹೋಗುತ್ತದೆ, ಕೈಯನ್ನು ತಿರುಗಿಸಲು ಆಗಲ್ಲ. ಕೈಯಲ್ಲಿ 12 ಮಿಮೀ ದೂರದ ತೂತು, ಬಾಗಿಲಿನ ಕೊಕ್ಕೆಯಲ್ಲಿ ಹಿಂಜ್‌ನಿಂದ 8 ಮಿಮೀ. ಸರ್ವೋ 90 ಡಿಗ್ರಿ ತಿರುಗಿದರೆ ಬಾಗಿಲು 90 ಚಿಲ್ಲರೆ ತೆರೆಯುತ್ತದೆ, ಚಕ್ರ ಆರಾಮಾಗಿ ಹೋಗುತ್ತದೆ. ಕೊಕ್ಕೆಯನ್ನು ಹಳೆ ಸರ್ಕ್ಯೂಟ್ ಬೋರ್ಡ್‌ನಿಂದ ಕತ್ತರಿಸಿದೆ. ಪ್ಲೈವುಡ್‌ಗಿಂತ ಸಾವಿರ ಪಾಲು ವಾಸಿ.

ಆಮೇಲೆ ಬ್ಯಾಟರಿ ಕಿತ್ತು, ಬಾಗಿಲಿನ ಅಂಚಿಗೆ ಉಗುರು ಹಾಕಿ ಎಳೆದು ನೋಡಿದೆ. ಕರೆಂಟೇ ಇಲ್ಲ, ಆದರೂ ಬರಲಿಲ್ಲ! ಇನ್ನೊಂದು ರೆಕ್ಕೆಯಲ್ಲಿ ಹಳೆ ಜೋಡಣೆ ಹಾಗೇ ಇತ್ತು, ಅದು ಒಂದೇ ಬೆರಳಿಗೆ ಸಲೀಸಾಗಿ ತೆರೆದುಕೊಂಡಿತು.

ಹೊಸ ಬಾಗಿಲಿನ ಹಿಂಜ್‌ಗೆ 1 ಮಿಮೀ ಪಿಯಾನೋ ವೈರ್ (ಗಟ್ಟಿ ಉಕ್ಕಿನ ತಂತಿ), ಅದು ತೂರುವ ಹಿತ್ತಾಳೆ ಕೊಳವೆಯ ತುಂಡುಗಳು. ಹಿಂಜ್ ರೆಕ್ಕೆಯ ಹೊರಮೈಗಿಂತ ಒಳಗೆ ಕೂತಷ್ಟೂ ಬಾಗಿಲು ತೆರೆಯುವಾಗ ಅದರ ಅಂಚು ಪಕ್ಕದ ಮೈಗೆ ಕಚ್ಚುತ್ತದೆ. ಆ ಅಂಚನ್ನು ಒಳಗಡೆಯಿಂದ ಓರೆಯಾಗಿ ಉಪ್ಪುಕಾಗದದಲ್ಲಿ ಉಜ್ಜಿದೆ. ಅರಾಲ್ಡೈಟ್ ಅಂಟು ಹಾಕುವ ಮುಂಚೆ ವೈರಿಗೆ ವ್ಯಾಸಲೀನ್ ಸವರಲೇಬೇಕು, ಇಲ್ಲದಿದ್ದರೆ ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಅದು ಹಿಂಜ್ ಆಗಿರಲ್ಲ, ಸುಮ್ನೆ ಒಂದು ಕಂಬಿ ಆಗಿರುತ್ತದೆ. ಸುತ್ತ ಸಂದು ಸಮ ಬರಲು ಹಳೆ ಲಗ್ನಪತ್ರಿಕೆ ಕತ್ತರಿಸಿ ಅಂಚಿಗೆ ಸಿಕ್ಕಿಸಿದ್ದೆ. ನೋಡಿದ ಹೆಂಡತಿ, "ಯಾರ ಮದುವೇರೀ ಅದು?" ಅಂದಳು.

ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕವನ್ನು ರೇಡಿಯೋದಲ್ಲೇ (ಕೈಯಲ್ಲಿ ಹಿಡಿಯೋ ರಿಮೋಟ್) ಹಾಕಿಕೊಂಡೆ. ಮೊದಲು ಬಾಗಿಲು ಒಂದು ಸೆಕೆಂಡಿನಲ್ಲಿ ತೆರೆಯಬೇಕು, ಆಮೇಲೆ ಕಾಲು ಇಳಿಯಲು ನಾಲ್ಕು ಸೆಕೆಂಡು, ಕೊನೆಗೆ ಬಾಗಿಲು ಮತ್ತೆ ಮುಚ್ಚಬೇಕು. ವಿಮಾನ ನೆಲಕ್ಕೆ ಇಳಿಯುವಾಗ ಮುಚ್ಚಿಯೇ ಇರಲಿ ಅಂತ ಮಾಡಿದ್ದು ನಮ್ಮ ಹುಲ್ಲಿಗೋಸ್ಕರ. ನಾಲ್ಕು ಸೆಕೆಂಡು ಅನ್ನೋದು ಟೇಬಲ್ ಮೇಲಿನ ಲೆಕ್ಕ. ಬ್ಯಾಟರಿ ಇಳಿದಾಗ ಕಾಲು ನಿಧಾನ ಆಗುತ್ತದೆ, ಅದಕ್ಕೆ ಬಾಗಿಲು ಮುಚ್ಚುವ ಮುಂಚೆ ಇನ್ನೂ ಒಂದು ಸೆಕೆಂಡು ಸೇರಿಸಿದೆ. ಒಂದು ಸಲ ಕಾಲು ಮಡಚುವ ಸ್ವಿಚ್ ಮೇಲ್ಗಡೆ ಇರುವಾಗಲೇ ಬ್ಯಾಟರಿ ಜೋಡಿಸಿಬಿಟ್ಟೆ, ವಿಮಾನ ಟೇಬಲ್ ಮೇಲೆ ಒಂಟೆ ಥರ ಮಂಡಿಯೂರಿತು. ಈಗ ಸ್ವಿಚ್ ಕೆಳಗಿಲ್ಲದಿದ್ದರೆ ರೇಡಿಯೋ ಕಿರುಚುವ ಹಾಗೆ ಮಾಡಿಕೊಂಡಿದ್ದೇನೆ.

ಎಡಗಡೆಯದನ್ನೂ ಇದೇ ಥರ ಬದಲಾಯಿಸಿದ ಮೇಲೆ 20 ಹಾರಾಟ ದಾಟಿದೆ. ಆ ಬಾಟಲಿ ಸದ್ದು ಮತ್ತೆ ಕೇಳಿಸಿಲ್ಲ. ಮೂಗಿನ ಚಕ್ರದ ಬಾಗಿಲು ಮಾತ್ರ ಇನ್ನೂ ಮಾಡಿಲ್ಲ, ಅಲ್ಲಿ ಸರ್ವೋ ಇಡಲು ಜಾಗವೇ ಸಿಗುತ್ತಿಲ್ಲ.