ಮಾಸ್ಟ್ ಕೋಶ ಬೆಳೆಸಿ ಗಾಟಾ-2ರ ಕೆಲಸ ನೋಡುವ ಬಗೆ

ಯಲಹಂಕದ ಕಡೆ ಇರುವ ನಮ್ಮ ಲ್ಯಾಬ್‌ಗೆ ಹೊಸದಾಗಿ ಬರುವ ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ. "ಅಕ್ಕಾ, ಎಲ್ಲ ಕೋಶದಲ್ಲೂ ಇರೋದು ಅದೇ ಜೀನ್‌ಗಳು ಅಲ್ವಾ? ಒಂದು ಮಾಸ್ಟ್ ಕೋಶ, ಇನ್ನೊಂದು ಮ್ಯಾಕ್ರೋಫೇಜ್ ಹೇಗಾಗುತ್ತೆ?" ಮಾಸ್ಟ್ ಕೋಶ ಅಂದರೆ ಅಲರ್ಜಿಯಲ್ಲಿ ಕೆಲಸ ಮಾಡುವ ರಕ್ಷಣಾ ಕೋಶ, ಮ್ಯಾಕ್ರೋಫೇಜ್ ಅಂದರೆ ರೋಗಾಣು ನುಂಗುವ ಕೋಶ. ನಾನು ಉತ್ತರ ಹೇಳುವುದಿಲ್ಲ. ಕೋಶ ಬೆಳೆಸಿ, ಬೇರೆ ಜೀನ್‌ಗಳನ್ನು ನಡೆಸುವ ಗಾಟಾ-2 ಎಂಬ ಪ್ರೋಟೀನ್ ಅಲ್ಲಿ ಏನು ಮಾಡುತ್ತದೆ ಎಂದು ನೋಡಲು ಹಚ್ಚುತ್ತೇನೆ.

ಮೊದಲು ಪ್ರಾಣಿ ಪ್ರಯೋಗದ ಸಮಿತಿಯಿಂದ ಅನುಮತಿ ಪಡೆಯಿರಿ. ಆಮೇಲೆ ಇಲಿಯ ತೊಡೆಮೂಳೆಯ ಮಜ್ಜೆಯನ್ನು ಸಿರಿಂಜ್‌ನಿಂದ ತೊಳೆದು ತೆಗೆಯಿರಿ. ಆರ್‌ಪಿಎಂಐ 1640 ಮೀಡಿಯಂ (ಕೋಶ ಬೆಳೆಯುವ ಪೋಷಕ ದ್ರವ), ಶೇ. 10 ಸೀರಂ, ಮಿಲಿಲೀಟರ್‌ಗೆ 10 ನ್ಯಾನೋಗ್ರಾಂ ಐಎಲ್-3 (ಮಜ್ಜೆಯ ಕೋಶಗಳಿಗೆ ಬೆಳೆಯಲು ಹೇಳುವ ಪ್ರೋಟೀನ್). ಇನ್‌ಕ್ಯುಬೇಟರ್ 37 ಡಿಗ್ರಿ, ಶೇ. 5 ಕಾರ್ಬನ್ ಡೈಆಕ್ಸೈಡ್. ವಾರಕ್ಕೆ ಎರಡು ಸಲ ತೇಲುವ ಕೋಶಗಳನ್ನು ಮಾತ್ರ ಹೊಸ ಫ್ಲಾಸ್ಕಿಗೆ ಹಾಕಿ. ತಳಕ್ಕೆ ಅಂಟಿಕೊಂಡವು ಹೆಚ್ಚಾಗಿ ಮ್ಯಾಕ್ರೋಫೇಜ್‌ಗಳು, ಅವು ಬೇಡ. ನಾಲ್ಕರಿಂದ ಆರು ವಾರ ಕಾಯಬೇಕು.

ಗ್ಯಾಸ್ ಸಿಲಿಂಡರಿನ ಮೇಲೆ ಕಣ್ಣಿರಲಿ. ಒಂದು ಮೇ ತಿಂಗಳ ಭಾನುವಾರ ಗ್ಯಾಸ್ ಮುಗಿದಿತ್ತು. ಸೋಮವಾರ ಬೆಳಗ್ಗೆ ಬಂದರೆ ಮೀಡಿಯಂ ಕಡು ಗುಲಾಬಿ, ಅಂದರೆ ಕ್ಷಾರೀಯವಾಗಿತ್ತು. ಮೂರು ವಾರದ ಕೆಲಸ ಹೋಯಿತು. ಅವತ್ತು ಊಟ ಸೇರಲಿಲ್ಲ.

ವಾರಕ್ಕೊಮ್ಮೆ ಸ್ವಲ್ಪ ಕೋಶ ತೆಗೆದು ಅದರಿಂದ ಆರ್‌ಎನ್‌ಎ (ಯಾವ ಜೀನ್ ಎಷ್ಟು ಓಡುತ್ತಿದೆ ಎಂದು ತೋರಿಸುವ ಪ್ರತಿ) ಬೇರ್ಪಡಿಸಿಡಿ. ಇನ್ನು ಸ್ವಲ್ಪವನ್ನು ಟೊಲುಯಿಡಿನ್ ನೀಲಿಯಲ್ಲಿ ಅದ್ದಿ ನೋಡಿ. ಬಣ್ಣ ನೀಲಿಯೇ, ಆದರೆ ಮಾಸ್ಟ್ ಕೋಶದ ಕಾಳುಗಳು ನೇರಳೆಯಾಗಿ ಕಾಣುತ್ತವೆ. ಪಾಲ್ ಎರ್ಲಿಶ್ 1878ರಲ್ಲಿ ಈ ಕೋಶಗಳನ್ನು ಗುರುತಿಸಿದ್ದೂ ಇಂಥ ಬಣ್ಣಗಳಿಂದಲೇ.

ಆರ್‌ಎನ್‌ಎಯಲ್ಲಿ ಗಾಟಾ-2, ಮತ್ತೆ ಅದರಂತೆಯೇ ಬೇರೆ ಜೀನ್‌ಗಳನ್ನು ನಡೆಸುವ ಎಂಐಟಿಎಫ್, ಸಿ/ಇಬಿಪಿ-ಆಲ್ಫಾ, ಮೂರನ್ನೂ ಅಳೆಯಿರಿ. ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಯಾವುದು ಎಷ್ಟಿದೆ, ಯಾವುದರ ಜೊತೆಗಿದೆ ಅನ್ನೋದೇ ಕೋಶದ ದಾರಿ ತೀರ್ಮಾನಿಸುವುದು. ಗಾಟಾ-2 ಡಿಎನ್‌ಎಯಲ್ಲಿ ಜಿ-ಎ-ಟಿ-ಎ ಅಕ್ಷರ ಇರುವ ಕಡೆ ಕೂರುತ್ತದೆ, ಹೆಸರು ಬಂದದ್ದೂ ಹಾಗೆ. ಅದು ಕಿಟ್ (ಮಾಸ್ಟ್ ಕೋಶದ ಮೇಲ್ಮೈಯ ಒಂದು ರಿಸೆಪ್ಟರ್) ಜೀನನ್ನೂ, ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಹಿಡಿಯುವ ರಿಸೆಪ್ಟರ್‌ನ ಜೀನನ್ನೂ ನಡೆಸುತ್ತದೆ. ಎಂಐಟಿಎಫ್ ಮತ್ತು ಸಿ/ಇಬಿಪಿ-ಆಲ್ಫಾ ಒಂದನ್ನೊಂದು ತಗ್ಗಿಸುತ್ತವೆ. ಮೊದಲನೆಯದು ಗೆದ್ದರೆ ಮಾಸ್ಟ್ ಕೋಶ, ಎರಡನೆಯದು ಗೆದ್ದರೆ ಬೇಸೋಫಿಲ್ ಎಂಬ ಬಿಳಿ ರಕ್ತಕಣ. ಎಂಐಟಿಎಫ್ ಕೆಟ್ಟ ಇಲಿಗಳಲ್ಲಿ ಮಾಸ್ಟ್ ಕೋಶ ಕಡಿಮೆ, ಮೈಕೂದಲೂ ಬೆಳ್ಳಗೆ. ಬಣ್ಣ ಕೊಡುವ ಕೋಶಗಳಿಗೂ ಅದೇ ಬೇಕು ನೋಡಿ. ನನಗೆ ಇದು ಇಂದಿಗೂ ಬೆರಗು.

ಈಗ ಮುಖ್ಯ ಕೆಲಸ. ಬೆಳೆದ ಕೋಶಗಳಿಗೆ ಗಾಟಾ-2ರ ಎಸ್‌ಐಆರ್‌ಎನ್‌ಎ (ಆ ಒಂದು ಜೀನನ್ನೇ ತಗ್ಗಿಸುವ ಚಿಕ್ಕ ಆರ್‌ಎನ್‌ಎ ತುಂಡು) ಹಾಕಿ. ಅದನ್ನು ಒಳಗೆ ಒಯ್ಯುವ ಎಣ್ಣೆಹನಿಯ ರೀಜೆಂಟ್ ಈ ಕೋಶಗಳಿಗೆ ಸರಿಯಾಗಿ ಹಿಡಿಯುವುದಿಲ್ಲ, ಎಲೆಕ್ಟ್ರೋಪೊರೇಶನ್ ಮಾಡಿ, ಅಂದರೆ ಕರೆಂಟ್ ಕೊಟ್ಟು ಒಳಗೆ ತೂರಿಸಿ. ಪಕ್ಕದಲ್ಲಿ ಯಾವ ಜೀನಿಗೂ ಹೊಂದದ ಕಂಟ್ರೋಲ್ ಎಸ್‌ಐಆರ್‌ಎನ್‌ಎ ಹಾಕಿದ ಕೋಶಗಳೂ ಇರಲೇಬೇಕು. ಸುಮ್ನೆ ಕರೆಂಟ್ ಹೊಡೆತಕ್ಕೂ ಕೋಶ ಬಳಲುತ್ತದೆ. 48 ಗಂಟೆ ಬಿಟ್ಟು ಫ್ಲೋ ಸೈಟೋಮೀಟರಿನಲ್ಲಿ (ಒಂದೊಂದೇ ಕೋಶದ ಮೇಲಿನ ಪ್ರೋಟೀನನ್ನು ಬೆಳಕಿನಿಂದ ಅಳೆಯುವ ಯಂತ್ರ) ಓಡಿಸಿ. ಕಿಟ್‌ನ ಗುಡ್ಡ ಪರದೆಯಲ್ಲಿ ಎಡಕ್ಕೆ ಜರುಗುತ್ತದೆ, ಅಂದರೆ ಕಿಟ್ ಕಡಿಮೆಯಾಗಿದೆ.

ಅಲ್ಲಿಗೇ ನಿಲ್ಲಿಸಬೇಡಿ. ಕಿಟ್ ಇಳಿದಿದ್ದು ನೇರವಾಗಿ ಗಾಟಾ-2 ಇಲ್ಲದ್ದಕ್ಕೋ, ನಡುವೆ ಬೇರೆ ಯಾವುದೋ ಜೀನ್ ಕೆಟ್ಟಿದ್ದಕ್ಕೋ ಹೇಳಲಾಗದು. ಎಸ್‌ಐಆರ್‌ಎನ್‌ಎ ಹಾಕದ ಕೋಶಗಳಲ್ಲಿ ಚಿಪ್ (ಒಂದು ಪ್ರೋಟೀನ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಎಂದು ಹುಡುಕುವ ಪರೀಕ್ಷೆ) ಮಾಡಿ, ಗಾಟಾ-2 ನಿಜವಾಗಿಯೂ ಕಿಟ್ ಜೀನಿನ ಮೇಲೆ ಕೂತಿದೆಯಾ ನೋಡಿ.