ಹೊಲ ಒಂದೇ, ಪಹಣಿ ನಾಲ್ಕು

ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ ಕನ್ನಡ ಫೈಲುಗಳನ್ನು ಯುನಿಕೋಡ್ ಅಕ್ಷರಗಳಿಗೆ ಬದಲಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ ಮಾಡಲು ಕೂತಿದ್ದೆ. ಮೇ ತಿಂಗಳು. ಕಲಬುರಗಿಯಲ್ಲಿ ಹಗಲು ಲ್ಯಾಪ್‌ಟಾಪ್ ಮುಟ್ಟುವ ಹಾಗಿರುವುದಿಲ್ಲ, ರಾತ್ರಿ ಮಾಳಿಗೆ ಮೇಲೇ ಕೆಲಸ.

ಪ್ಯಾಕೇಜ್ ಕಟ್ಟುವುದು ಒಂದೇ ದಿನದಲ್ಲಿ ಮುಗಿಯಿತು. ಯಾವ ಫೈಲು ಯಾರದು, ಯಾವ ಲೈಸೆನ್ಸಿನದು ಅಂತ ಬರೆಯುವ ಕಾಪಿರೈಟ್ ಫೈಲ್ ಮಾತ್ರ ಹದಿನೈದು ದಿನ ತಿಂದಿತು. ಮೂಲ ಫೋಲ್ಡರಿನಲ್ಲಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ 3ನೇ ಆವೃತ್ತಿ ಅಂತ ಇತ್ತು, ಅದನ್ನೇ ಬರೆದರೆ ಆಯ್ತಲ್ವಾ ಅಂದುಕೊಂಡಿದ್ದೆ. ಇದನ್ನು ಕೇಳಿದ ಅಪ್ಪ, "ಪಹಣಿದಾಗ ಯಾರ ಹೆಸರದ ಅಂತ ನೋಡ್ಲಾರ್ದ ಹೊಲ ಯಾರರ ತಗೋತಾರೇನು?" ಅಂದರು. ತೊಗರಿ ಬೆಳೆಯುವವರು, ಸರ್ವೆ ನಂಬರ್ ಬಿಟ್ಟು ಮಾತಾಡುವುದಿಲ್ಲ.

ಲೈಸೆನ್ಸ್‌ಚೆಕ್ ಓಡಿಸಿದೆ. ಅದು ಪ್ರತಿ ಫೈಲಿನ ತಲೆಬರಹ ಓದಿ ಯಾವ ಲೈಸೆನ್ಸ್ ಅಂತ ಹೇಳುತ್ತದೆ. ನಾಲ್ಕು ತರಹದ ಉತ್ತರ ಬಂತು. ಪೈಥಾನ್ ಫೈಲುಗಳಲ್ಲಿ "3 ಅಥವಾ ಅದರ ನಂತರದ್ದು" ಅಂತ ಇತ್ತು, ಅದನ್ನು ಬರೀ 3 ಅಂತ ಬರೆದರೆ ತಪ್ಪು. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯದು ಎಂಐಟಿ ಲೈಸೆನ್ಸ್. ಡೆಬಿಯನ್‌ನಲ್ಲಿ ಅದಕ್ಕೆ ಎಕ್ಸ್‌ಪ್ಯಾಟ್ ಅನ್ನುತ್ತಾರೆ, ಪೂರ್ತಿ ಪಠ್ಯ ಬರೆಯಬೇಕು. ಜಿಪಿಎಲ್‌ಗೆ ಆ ಕಷ್ಟವಿಲ್ಲ, ಸಿಸ್ಟಮ್ಮಿನಲ್ಲೇ ಇರುವ ಪ್ರತಿಯನ್ನು ತೋರಿಸಿದರೆ ಸಾಕು. ಲೋಹಿತ್ ಕನ್ನಡ ಫಾಂಟಿನದು ಫಾಂಟುಗಳಿಗೆಂದೇ ಇರುವ ಲೈಸೆನ್ಸ್ ಓಎಫ್‌ಎಲ್ 1.1. ನಾಲ್ಕನೆಯದು ಒಂದು ಪದಪಟ್ಟಿ, ಮುಂದೆ "ಅನ್‌ನೋನ್".

ಜೆಕ್ವೆರಿ, ಫಾಂಟ್ ಎರಡೂ ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜುಗಳಾಗಿ ಇವೆ, ನಾನು ಅವನ್ನೇ ಬಳಸಿದೆ. ಆದರೂ ಮೂಲ ಕೋಡಿನ ಕಟ್ಟು, ಅಂದರೆ ಸೋರ್ಸ್ ಟಾರ್‌ಬಾಲ್‌ನಲ್ಲಿ ಉಳಿದಿರುವ ತನಕ ಅವುಗಳ ಹೆಸರು ಬರೆಯಲೇಬೇಕು. ಬಳಸದ್ದಕ್ಕೂ ಲೆಕ್ಕ ಕೊಡಬೇಕಾ ಅಂತ ಸಿಟ್ಟು ಬಂದಿತ್ತು. ಹಂಚುವುದು ಸೋರ್ಸನ್ನೂ ಅಲ್ವಾ, ಹಾಗಾಗಿ ಬೇಕು.

ಇನ್ನೊಂದು ಎಡವಟ್ಟು ನನ್ನದೇ. ಕಾಪಿರೈಟ್ ಫೈಲಿನಲ್ಲಿ ಎಲ್ಲ ಫೈಲುಗಳಿಗೂ ಅನ್ವಯಿಸುವ ನಕ್ಷತ್ರದ (*) ಭಾಗವನ್ನು ಕೊನೆಗೆ ಬರೆದಿದ್ದೆ. ಒಂದು ಫೈಲಿಗೆ ಎರಡು ಭಾಗ ಹೊಂದಿದರೆ ಕೊನೆಯದೇ ಗೆಲ್ಲುತ್ತದೆ. ಹಾಗಾಗಿ ಫಾಂಟೂ ಜಿಪಿಎಲ್ ಆಗಿಬಿಟ್ಟಿತ್ತು! ನಕ್ಷತ್ರ ಮೇಲೆ, ಬಿಡಿ ಫೈಲುಗಳು ಕೆಳಗೆ.

ಪದಪಟ್ಟಿಗೆ ಬಂದರೆ, ಮೂಲದವರಿಗೆ ಪತ್ರ ಬರೆದೆ. ಎಲ್ಲಿಂದಲೋ ನಕಲು ಮಾಡಿದ್ದು, ನೆನಪಿಲ್ಲ ಅಂದರು. ಲೈಸೆನ್ಸ್ ಬರೆಯದಿದ್ದರೆ ಯಾರು ಬೇಕಾದರೂ ಬಳಸಬಹುದು ಅಂತಲ್ಲ, ಅನುಮತಿಯೇ ಇಲ್ಲ ಅಂತ. ಕಾಪಿರೈಟ್ ಫೈಲಿನಲ್ಲೇ "ಫೈಲ್ಸ್-ಎಕ್ಸ್‌ಕ್ಲೂಡೆಡ್" (ಬಿಟ್ಟ ಫೈಲುಗಳು) ಸಾಲಿಗೆ ಅದರ ಹೆಸರು ಸೇರಿಸಿ, ಟಾರ್‌ಬಾಲ್ ಮತ್ತೆ ಕಟ್ಟಿದೆ.

ಪಟ್ಟಿ ಇಲ್ಲದೆ ಪ್ರೋಗ್ರಾಂನ ಪರೀಕ್ಷೆ ನಡೆಯುತ್ತಿರಲಿಲ್ಲ, ಹೊಸದು ಬೇಕಿತ್ತು. ಮಾಳಿಗೆ ಮೇಲೆ ಸುಮ್ನೆ ಕೂತಿದ್ದ ಅವ್ವನನ್ನು ಕೇಳಿದೆ. ಅಡುಗೆಮನೆಯದು, ಹೊಲದ್ದು, ಹಬ್ಬದ್ದು ಅಂತ ಅವಳು ಹೇಳುತ್ತಾ ಹೋದಳು, ನಾನು ಬರೆದೆ. ಮೂರು ರಾತ್ರಿಯಲ್ಲಿ ಆರುನೂರು ಪದ ಆದವು, ಒತ್ತಕ್ಷರ ಇರುವವೇ ಜಾಸ್ತಿ. ಆ ಫೈಲಿನ ಕಾಪಿರೈಟ್ ಸಾಲಿನಲ್ಲಿ ಮೊದಲು ಅವಳ ಹೆಸರಿದೆ, ಆಮೇಲೆ ನನ್ನದು.