ಎಪಿ ಎಷ್ಟು ತಗೋಬೇಕು? ಮೊದಲು ವಾರದ ಗಂಟೆ ಎಣಿಸಿ

ಅಮೆರಿಕದ ಹೈಸ್ಕೂಲುಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರ್ಮ್ ಬರುತ್ತದೆ. ಆಗ ಅಲ್ಲಿನ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು: 'ಅವರ ಮಗಳು ಐದು ಎಪಿ ತಗೊಂಡಿದ್ದಾಳಂತೆ.' ಊರಲ್ಲಿ ಪಿಯುಸಿ ಓದಿದವರಿಗೆ ಪಿಸಿಎಂಬಿ ಅಂತ ಟಿಕ್ ಹಾಕಿದರೆ ಆಯ್ಕೆ ಮುಗಿಯುತ್ತಿತ್ತು. ಇಲ್ಲಿ ಒಂದೊಂದು ವಿಷಯವನ್ನೂ ಮಾಮೂಲಿ ಮಟ್ಟದಲ್ಲಿ ಓದಬೇಕಾ, ಎಪಿ ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಮೇ ತಿಂಗಳಲ್ಲಿ ಅದಕ್ಕೆ ಪರೀಕ್ಷೆ) ಮಟ್ಟದಲ್ಲಿ ಓದಬೇಕಾ ಅಂತ ಬೇರೆ ಬೇರೆಯಾಗಿ ತೀರ್ಮಾನಿಸಬೇಕು. ಆಗಸ್ಟ್‌ನಲ್ಲಿ ಹುಮ್ಮಸ್ಸಿನಿಂದ ಶುರು ಮಾಡಿದ ಮಕ್ಕಳು ನವೆಂಬರ್ ಹೊತ್ತಿಗೆ ನಿದ್ದೆಗೆಟ್ಟು, ಇಷ್ಟದ ವಿಷಯವನ್ನೇ ದ್ವೇಷಿಸುವ ಹಂತಕ್ಕೆ ಬರುವುದನ್ನು ತುಂಬಾ ಸಲ ನೋಡಿದ್ದೇನೆ. ಇದನ್ನು ತಪ್ಪಿಸಬಹುದು.

1. ಶಾಲೆಯ ಕೋರ್ಸ್ ಪಟ್ಟಿ ಓದಿ

ನಿಮ್ಮ ಶಾಲೆಯಲ್ಲಿ ಏನಿದೆ, ಯಾವುದಕ್ಕೆ ಮೊದಲು ಏನು ಓದಿರಬೇಕು ನೋಡಿ. ಮುಂದೆ ಅರ್ಜಿ ಹಾಕಿದಾಗ ಕಾಲೇಜಿನವರು ಮಗುವಿನ ಕೋರ್ಸುಗಳನ್ನು ಅದೇ ಶಾಲೆಯಲ್ಲಿ ಸಿಗುವ ಕೋರ್ಸುಗಳ ಜೊತೆ ಇಟ್ಟು ನೋಡುತ್ತಾರೆ. ಪಕ್ಕದ ಊರಿನ ಶಾಲೆಯ ಲೆಕ್ಕ ನಿಮಗೆ ಬೇಡ.

2. ಕಾಲೇಜಿನ ನಿಯಮ ನೋಡಿ

ಕ್ಯಾಲಿಫೋರ್ನಿಯಾದಲ್ಲಿರುವವರು ಇದನ್ನು ತಿಳಿದಿರಲೇಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅರ್ಜಿಯ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕದಲ್ಲಿ ಎಪಿಯಂಥ ಕೋರ್ಸಿಗೆ ಕೊಡುವ ಹೆಚ್ಚುವರಿ ಪಾಯಿಂಟ್ 8 ಸೆಮಿಸ್ಟರ್‌ಗೆ ಮಾತ್ರ. ಅದರಲ್ಲಿ 10ನೇ ತರಗತಿಯದು 4 ಸೆಮಿಸ್ಟರ್ ಮೀರುವಂತಿಲ್ಲ. ಅಂದರೆ ವರ್ಷಪೂರ್ತಿ ನಡೆಯುವ ನಾಲ್ಕು ಕೋರ್ಸಿಗೆ ಆ ಮಿತಿ ತುಂಬಿಬಿಡುತ್ತದೆ. 9ನೇ ತರಗತಿಯ ಎಪಿಗೆ ಆ ಪಾಯಿಂಟ್ ಇಲ್ಲವೇ ಇಲ್ಲ. ಕೋರ್ಸುಗಳು ಎಷ್ಟು ಗಟ್ಟಿ ಅಂತಲೂ ಅವರು ನೋಡುತ್ತಾರೆ, ನಿಜ. ಆದರೆ ಬರೀ ಪಾಯಿಂಟ್ ಆಸೆಗೆ 9ನೇ ತರಗತಿಯಲ್ಲೇ ಎಪಿ ಹ್ಯೂಮನ್ ಜಿಯೋಗ್ರಫಿ ಹೊರಿಸಬೇಡಿ. ಆ ವರ್ಷ ಹೊಸ ಶಾಲೆಗೆ ಹೊಂದಿಕೊಳ್ಳಲಿ, ಸಾಕು.

3. ಗಂಟೆಯ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಎಲ್ಲರೂ ಎಷ್ಟು ಎಪಿ ಅಂತ ಎಣಿಸುತ್ತಾರೆ, ಎಷ್ಟು ಗಂಟೆ ಅಂತ ಯಾರೂ ಎಣಿಸುವುದಿಲ್ಲ. ಸೈಕಾಲಜಿಯೂ ಒಂದು ಎಪಿ, ಕೆಮಿಸ್ಟ್ರಿಯೂ ಒಂದು ಎಪಿ. ಮನೆಗೆ ತರುವ ಕೆಲಸ ಮಾತ್ರ ಒಂದೇ ಅಲ್ಲ.

ಒಂದು ಹಾಳೆಯಲ್ಲಿ ಮಗುವಿನ ಈಗಿನ ವಾರವನ್ನು ಬರೆಯಿರಿ. ಮೊದಲು ನಿದ್ದೆ ಬರೆಯಿರಿ, ಕೊನೆಗಲ್ಲ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಆಮೇಲೆ ಶಾಲೆ, ಓಡಾಟ, ಭರತನಾಟ್ಯ ಅಥವಾ ಸಾಕರ್, ಭಾನುವಾರದ ಕನ್ನಡ ಕ್ಲಾಸ್, ಊಟ. ಸುಮ್ನೆ ಕೂರುವ ಹೊತ್ತನ್ನೂ ಬರೆಯಿರಿ, ಅದು ಬೇಕು. ಒಂದು ಉದಾಹರಣೆ ನೋಡಿ: ಸಾಕರ್ ಅಭ್ಯಾಸ ಮುಗಿಸಿ ಸಂಜೆ ಆರಕ್ಕೆ ಮನೆಗೆ ಬಂದು ರಾತ್ರಿ ಹತ್ತೂವರೆಗೆ ಮಲಗುವ ಹುಡುಗಿಗೆ ಸ್ನಾನ, ಊಟ ಕಳೆದರೆ ದಿನಕ್ಕೆ ಓದಲು ಉಳಿಯುವುದು 3 ಗಂಟೆ. ಸೋಮವಾರದಿಂದ ಗುರುವಾರದವರೆಗೆ 12, ವಾರಾಂತ್ಯದಲ್ಲಿ 6, ಒಟ್ಟು 18. ಎಪಿ ಅಲ್ಲದ ವಿಷಯಗಳ ಹೋಮ್‌ವರ್ಕ್‌ಗೆ 6 ತೆಗೆಯಿರಿ. ಉಳಿದದ್ದು 12. ಒಂದು ಎಪಿಗೆ ವಾರಕ್ಕೆ 5 ಗಂಟೆ ಬೇಕಾದರೆ ಎರಡು ಹಿಡಿಸುತ್ತದೆ. ಮೂರನೆಯದು ಬಂದರೆ ಕಡಿಮೆ ಬೀಳುವ 3 ಗಂಟೆ ನಿದ್ದೆಯಿಂದಲೇ ಹೋಗಬೇಕು, ಅಲ್ವಾ?

ಆ 5 ಗಂಟೆ ಅನ್ನುವ ಅಂಕಿ ಎಲ್ಲಿಂದ ಬರಬೇಕು? ಪಕ್ಕದ ಮನೆ ಆಂಟಿಯಿಂದ ಅಲ್ಲ, ವಾಟ್ಸಾಪ್ ಗುಂಪಿನಿಂದ ಖಂಡಿತ ಅಲ್ಲ. ಹೋದ ವರ್ಷ ಅದೇ ಶಾಲೆಯಲ್ಲಿ, ಅದೇ ಮೇಷ್ಟ್ರ ಹತ್ತಿರ, ಅದೇ ಕೋರ್ಸ್ ಓದಿದ ಇಬ್ಬರು ಮೂವರು ಮಕ್ಕಳನ್ನು ಕೇಳಿ. 'ಕಷ್ಟವಾ?' ಅಂತ ಕೇಳಿದರೆ ಏನೂ ಗೊತ್ತಾಗುವುದಿಲ್ಲ. 'ಮಾಮೂಲಿ ವಾರದಲ್ಲಿ ಎಷ್ಟು ಗಂಟೆ? ಟೆಸ್ಟ್ ಇರುವ ವಾರದಲ್ಲಿ? ಲ್ಯಾಬ್ ರಿಪೋರ್ಟ್‌ಗೆ?' ಅಂತ ಕೇಳಿ. ಮೇಷ್ಟ್ರು ಬದಲಾದರೆ ಈ ಅಂಕಿಯೂ ಬದಲಾಗುತ್ತದೆ.

12ನೇ ತರಗತಿಯವರು ಅಕ್ಟೋಬರ್, ನವೆಂಬರ್‌ನಲ್ಲಿ ಕಾಲೇಜ್ ಅರ್ಜಿ, ಪ್ರಬಂಧ ಬರೆಯುವುದಕ್ಕೂ ಗಂಟೆ ಎತ್ತಿಡಬೇಕು. ಅದು ಹೆಚ್ಚುಕಡಿಮೆ ಇನ್ನೊಂದು ಎಪಿ ಇದ್ದ ಹಾಗೆ.

4. ಒಂದೇ ಥರದ ಭಾರ ಪೇರಿಸಬೇಡಿ

ಯುಎಸ್ ಹಿಸ್ಟರಿ ಅಂದರೆ ರಾಶಿ ಓದು. ಪರೀಕ್ಷೆಯಲ್ಲಿ ಏಳು ದಾಖಲೆ ಕೊಟ್ಟು ಒಂದು ಗಂಟೆಯಲ್ಲಿ ಪ್ರಬಂಧ ಬರೆಸುತ್ತಾರೆ. ಇಂಗ್ಲಿಷ್ ಲ್ಯಾಂಗ್ವೇಜ್‌ನಲ್ಲೂ ಓದಿ ಓದಿ ಬರೆಯುವುದೇ. ನಿಧಾನಕ್ಕೆ ಓದುವ ಮಗುವಿಗೆ ಎರಡೂ ಒಂದೇ ವರ್ಷ ಬೇಡ. 'ಫಿಸಿಕ್ಸ್ ಸಿ' ಅನ್ನುವ ಎಪಿಗೆ ಕ್ಯಾಲ್ಕುಲಸ್ ಬೇಕು, ಹಾಗಾಗಿ ಕ್ಯಾಲ್ಕುಲಸ್ ಮುಗಿಸಿ ತಗೊಳ್ಳುವುದೇ ಮೇಲು. ನನ್ನ ಸಲಹೆ ಇಷ್ಟೇ: 10ರಲ್ಲಿ ಒಂದು, 11ರಲ್ಲಿ ಎರಡು, ಗಂಟೆ ಇದ್ದರೆ ಮಾತ್ರ ಮೂರು. ಅದರಲ್ಲಿ ಒಂದಾದರೂ ಮಗು ತಾನಾಗಿ ಇಷ್ಟಪಟ್ಟು ಆರಿಸಿದ್ದಾಗಿರಲಿ.

ಸಂಖ್ಯೆ ಹೆಚ್ಚಿಸಲು ಕ್ಲಾಸೇ ಇಲ್ಲದೆ ಮನೆಯಲ್ಲಿ ಓದಿ ಎನ್ವಿರಾನ್‌ಮೆಂಟಲ್ ಸೈನ್ಸ್ ಪರೀಕ್ಷೆ ಬರೆಸುವ ಅಡ್ಡದಾರಿ ಬಿಡಿ. ಆ ಕೋರ್ಸ್ ಶಾಲೆಯ ಗ್ರೇಡಿನಲ್ಲಿ ಕಾಣುವುದಿಲ್ಲ, ಏಪ್ರಿಲ್ ಮಾತ್ರ ಹಾಳಾಗುತ್ತದೆ. 'ಬೇಸಿಗೆಯಲ್ಲೇ ಇಡೀ ಸಿಲಬಸ್ ಮುಗಿಸುತ್ತೇವೆ' ಅನ್ನುವ ದುಬಾರಿ ಕ್ಲಾಸುಗಳೂ ಬೇಡ. ಎಪಿ ಕ್ಲಾಸ್‌ರೂಮ್ ಅನ್ನುವ ವೆಬ್‌ಸೈಟಿನ ವಿಡಿಯೋ, ಹಿಂದಿನ ವರ್ಷಗಳ ವಿವರಣಾತ್ಮಕ ಪ್ರಶ್ನೆಗಳನ್ನು ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡೇ ಪುಕ್ಕಟೆ ಕೊಡುತ್ತದೆ. ಹಳೇ ಸಿಲಬಸ್ಸಿನ ದಪ್ಪ ಗೈಡ್ ಕೊಳ್ಳುವ ಮೊದಲು ಅದನ್ನು ಪೂರ್ತಿ ಬಳಸಿ.

5. ಕೈಬಿಡುವ ಕೊನೆಯ ದಿನ ಬರೆದಿಟ್ಟುಕೊಳ್ಳಿ

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಶಾಲೆಯ ಗ್ರೇಡ್ ಪಟ್ಟಿಯಲ್ಲಿ, ಗುರುತು ಬೀಳದ ಹಾಗೆ ಕೋರ್ಸ್ ಬಿಡಲು ಯಾವ ದಿನದವರೆಗೆ ಅವಕಾಶ ಇದೆ ಅಂತ ಶಾಲೆಯ ಕೌನ್ಸೆಲರ್‌ನ ಈಗಲೇ ಕೇಳಿ. ಬಿಟ್ಟರೆ ಮಾಮೂಲಿ ಕ್ಲಾಸಿನಲ್ಲಿ ಜಾಗ ಇರುತ್ತದಾ ಅಂತಲೂ ಕೇಳಿ. ಆ ದಿನಕ್ಕೆ ಒಂದು ವಾರ ಮೊದಲು ಹಾಳೆ ಮತ್ತೆ ತೆಗೆದು, ನಿಜವಾಗಿ ಆಗುತ್ತಿರುವ ಗಂಟೆಯನ್ನು ಮಗುವಿನ ಕೈಲೇ ಬರೆಸಿ.

ಪರೀಕ್ಷೆ ಮೇ ತಿಂಗಳ ಮೊದಲ ಎರಡು ವಾರ. ಆದರೆ ಹೆಸರು ನೋಂದಾಯಿಸುವುದು ನವೆಂಬರ್ ಮಧ್ಯದೊಳಗೆ, ಕೆಲವು ಶಾಲೆಗಳಲ್ಲಿ ಅದಕ್ಕೂ ಮೊದಲು. ಒಂದು ಪರೀಕ್ಷೆಗೆ ಸುಮಾರು 100 ಡಾಲರ್, ತಡವಾದರೆ ಮೇಲೆ 40. ಮನೆಯಲ್ಲಿ ಹಣದ ತೊಂದರೆ ಇದ್ದರೆ ರಿಯಾಯಿತಿ ಸಿಗುತ್ತದೆ, ಸಂಕೋಚ ಪಡದೆ ಕೌನ್ಸೆಲರ್ ಹತ್ತಿರ ಹೇಳಿ.